ಕಪ್ಪೆಯ ಬೆನ್ನಲ್ಲಿ ಬಚ್ಚಿಟ್ಟ ಗಾಳ

ಚರಿತ್ರೆ ಅಂದ ಕೂಡಲೇ ನಮಗೆ ನೆನಪಾಗೋದು ರಾಜರು, ಯುದ್ಧಗಳು, ಶಾಸನಗಳು, ಇಸವಿಗಳನ್ನು ಉರು ಹೊಡೆಸಿದ ಮೇಷ್ಟ್ರು. ಆದರೆ ಬಾಚಣಿಗೆಗೂ ಒಂದು ಚರಿತ್ರೆ ಇದೆ, ಅಂಗಿಯ ಗುಂಡಿಗೂ ಇದೆ, ಸೇಫ್ಟಿ ಪಿನ್ನಿಗೂ ಇದೆ. ಇಂಥ ಸಣ್ಣ ಪುಟ್ಟ ವಸ್ತುಗಳ ಚರಿತ್ರೆ ಓದೋದು ನನಗೊಂದು ಚಟ. ಮಜಾ ಏನು ಅಂದರೆ, ವಸ್ತು ಸಣ್ಣದಾದಷ್ಟೂ ಅದರ ಹಿಂದಿರುವ ಮನುಷ್ಯರ ಬುದ್ಧಿ, ಆಸೆ, ಕ್ರೌರ್ಯ, ಪಶ್ಚಾತ್ತಾಪ ಎಲ್ಲ ಹತ್ತಿರದಿಂದ ಕಾಣುತ್ತವೆ. ಇವತ್ತು ಬರೆಯಹೊರಟಿರೋದು ಒಂದು ಪ್ಲಾಸ್ಟಿಕ್ ಕಪ್ಪೆಯ ಬಗ್ಗೆ. ನಗಬೇಡಿ :-)

ಮಕ್ಕಳ ಆಟಿಕೆಯ ಕಪ್ಪೆ ಅಲ್ಲ ಸ್ವಾಮಿ. ಮೀನು ಹಿಡಿಯೋ ಕಪ್ಪೆ. ಗಾಳ ಹಾಕೋರು ಎರೆಹುಳುವಿನ ಬದಲು ಬಳಸೋ ಹುಸಿ ಎರೆಗಳಿಗೆ ಇಂಗ್ಲಿಷಿನಲ್ಲಿ ಲೂರ್ ಅಂತಾರೆ. ಅದರಲ್ಲಿ ಒಂದು ಜಾತಿ ಈ ಮೆತ್ತನೆ ಕಪ್ಪೆ. ಅಂಗೈ ಮೇಲಿಟ್ಟರೆ ಮೂರ್ನಾಲ್ಕು ಇಂಚು. ಜೆಲ್ಲಿ ಮಿಠಾಯಿಯ ಹಾಗೆ ಮೆತ್ತಗೆ, ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಹಿಂದಿನ ಎರಡು ಕಾಲುಗಳ ತುದಿಯಲ್ಲಿ ಪುಟ್ಟ ಹುಟ್ಟಿನಂಥ ಪಾದ. ನೀರಿನ ಮೇಲೆ ಎಳೆದರೆ ಆ ಪಾದಗಳು ಪಟಪಟ ಒದೆಯುತ್ತವೆ. ಮೇಲಿಂದ ನೋಡಿದರೆ ಎಲ್ಲೂ ಗಾಳ ಕಾಣೋದಿಲ್ಲ, ಬೆರಳಿನಿಂದ ಸವರಿದರೂ ಚುಚ್ಚೋದಿಲ್ಲ. ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಮೇಲೆ ಬಸಪ್ಪ ಒಳಗೆ ವಿಷಪ್ಪ ಅಂತ. ಥೇಟ್ ಹಾಗೆ!

ಈ ಕಪ್ಪೆಯ ಇಡೀ ಚರಿತ್ರೆ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ. ಗಾಳದ ಮೊನೆಯನ್ನು ಎಲ್ಲಿಡೋದು?

ಯಾಕೆ ಇದೊಂದು ದೊಡ್ಡ ಪ್ರಶ್ನೆ ಅಂದರೆ, ಕಪ್ಪೆ ಇರೋ ಜಾಗ ಹಾಗಿದೆ. ಕೆರೆಯ ನಟ್ಟನಡುವೆ ಕಪ್ಪೆ ಇರೋದಿಲ್ಲ. ಜೊಂಡು, ತಾವರೆ ಎಲೆ, ಅಂತರಗಂಗೆ, ಪಾಚಿ, ಮುಳುಗಿದ ಮರದ ಕೊಂಬೆ, ಇಂಥ ಕಡೆ ಇರುತ್ತದೆ. ಅದನ್ನು ತಿನ್ನೋ ಮೀನೂ ಅಲ್ಲೇ ಹೊಂಚು ಹಾಕಿ ಕೂತಿರುತ್ತದೆ. ಅಲ್ಲಿಗೆ ಬರಿಯ ಗಾಳ ಎಸೆದಿರೋ, ಮೀನು ಕಚ್ಚೋ ಮೊದಲೇ ಜೊಂಡು ಕಚ್ಚಿಕೊಳ್ಳುತ್ತದೆ. ದಾರ ತುಂಡಾಗುತ್ತದೆ, ಇಲ್ಲವೇ ಒಂದು ಬುಟ್ಟಿ ಪಾಚಿ ದಡಕ್ಕೆ ಬರುತ್ತದೆ. ಹಾಗಾಗಿ ಮೊನೆ ಮುಚ್ಚಿರಬೇಕು. ಆದರೆ ಮುಚ್ಚಿದ ಮೊನೆ ಮೀನಿನ ಬಾಯಿಗೂ ಚುಚ್ಚೋದಿಲ್ಲವಲ್ಲ! ಜೊಂಡಿಗೆ ಮುಚ್ಚಿರಬೇಕು, ಮೀನಿಗೆ ತೆರೆದಿರಬೇಕು. ಒಂದೇ ಮೊನೆ ಎರಡೂ ಹೇಗೆ ಆಗೋದು? ಈ ಒಗಟನ್ನು ಬಿಡಿಸೋಕೆ ಮನುಷ್ಯನಿಗೆ ಮುನ್ನೂರು ವರ್ಷ ಹಿಡಿದಿದೆ.

ಮೊದಲ ಉತ್ತರ ತುಂಬಾ ಸುಲಭದ್ದು, ಮತ್ತು ತುಂಬಾ ಕ್ರೂರವಾದದ್ದು. ನಿಜವಾದ ಕಪ್ಪೆಯನ್ನೇ ಪೋಣಿಸೋದು.

ಇಂಗ್ಲೆಂಡಿನ ಐಸಾಕ್ ವಾಲ್ಟನ್ ಬರೆದ 'ದಿ ಕಂಪ್ಲೀಟ್ ಆಂಗ್ಲರ್' 1653ರಲ್ಲಿ ಅಚ್ಚಾಯಿತು. ಮೀನು ಹಿಡಿಯೋದರ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಪುಸ್ತಕಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದದ್ದು, ಇವತ್ತಿಗೂ ಅಚ್ಚಿನಲ್ಲಿರೋದು. ಅದರಲ್ಲಿ ಪೈಕ್ ಅನ್ನೋ ಬೇಟೆ ಮೀನಿಗೆ ಜೀವಂತ ಕಪ್ಪೆಯನ್ನು ಗಾಳಕ್ಕೆ ಸಿಕ್ಕಿಸುವ ವಿಧಾನ ವಿವರವಾಗಿ ಬರುತ್ತದೆ. ಗಾಳವನ್ನು ಕಪ್ಪೆಯ ಬಾಯಿಂದ ತೂರಿಸಿ ಕಿವಿರಿನಿಂದ ಹೊರತರಬೇಕು. ಆಮೇಲೆ ಸಣ್ಣ ಸೂಜಿ, ರೇಷ್ಮೆ ದಾರ ತಗೊಂಡು ಕಪ್ಪೆಯ ತೊಡೆಯನ್ನು ಗಾಳದ ತಂತಿಗೆ ಒಂದೇ ಒಂದು ಹೊಲಿಗೆ ಹಾಕಿ ಕೂಡಿಸಬೇಕು. ಇಷ್ಟೆಲ್ಲ ಮಾಡುವಾಗ ಕಪ್ಪೆಗೆ ಆದಷ್ಟೂ ಕಡಿಮೆ ಪೆಟ್ಟು ಬೀಳಬೇಕು, ಮಮತೆಯಿಂದ ಹಿಡಿಯಬೇಕು ಅನ್ನೋ ಅರ್ಥದ ಸಲಹೆಯೂ ಇದೆ. ಕರುಣೆಯಿಂದಲ್ಲ, ಕಪ್ಪೆ ಹೆಚ್ಚು ಹೊತ್ತು ಬದುಕಿ ಒದ್ದಾಡಲಿ ಅಂತ!

ಬೆಳೆದ ಕಪ್ಪೆಗೆ ಕಿವಿರೇ ಇಲ್ಲ ಅನ್ನೋದು ಬೇರೆ ಮಾತು. ಕಿವಿರು ಇರೋದು ಗೊದಮೊಟ್ಟೆಗೆ. ವಾಲ್ಟನ್ ಮೀನಿನ ಲೆಕ್ಕದಲ್ಲೇ ಕಪ್ಪೆಯನ್ನೂ ನೋಡಿಬಿಟ್ಟಿದ್ದ. ಆದರೆ ಅವನ ಮೇಲೆ ಕೋಪ ಬಂದದ್ದು ಅದಕ್ಕಲ್ಲ. 1823ರಲ್ಲಿ ಕವಿ ಬೈರನ್ ತನ್ನ 'ಡಾನ್ ಜುವಾನ್' ಕಾವ್ಯದ 13ನೇ ಸರ್ಗದಲ್ಲಿ ವಾಲ್ಟನ್ನನನ್ನು ಕ್ರೂರಿ ಅಂತ ಹೀಯಾಳಿಸಿದ. ಅಂದರೆ ಗಾಳಕ್ಕೆ ಸಿಕ್ಕ ಜೀವದ ಪರವಾಗಿ ತಕರಾರು ಶುರುವಾಗಿ ಈಗ ಇನ್ನೂರು ವರ್ಷ ದಾಟಿತು.

ಕಥೆ ಮುಂದುವರಿಯೋದು ಅಮೆರಿಕದಲ್ಲಿ. ಅಲ್ಲಿನ ಕೆರೆ ಸರೋವರಗಳ ರಾಜ ಅಂದರೆ ಬಾಸ್ ಮೀನು, ಅದರಲ್ಲೂ ದೊಡ್ಡಬಾಯಿಯ ಬಾಸ್. ಹೆಸರೇ ಹೇಳೋ ಹಾಗೆ ಇದು ಬಾಯಿ ಅಗಲಿಸಿ, ನೀರಿನ ಸಮೇತ ಬೇಟೆಯನ್ನು ಒಳಗೆ ಹೀರಿಕೊಳ್ಳುತ್ತದೆ. ಕಪ್ಪೆ ಅಂದರೆ ಅದಕ್ಕೆ ಹಬ್ಬದೂಟ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಲ್ಲಿನ ಗಾಳಗಾರರು ಬುಟ್ಟಿಗಟ್ಟಲೆ ಜೀವಂತ ಕಪ್ಪೆ ಹಿಡಿದುಕೊಂಡು ಕೆರೆಗೆ ಹೋಗುತ್ತಿದ್ದರು. ಗಾಳವನ್ನು ಎರಡೂ ತುಟಿಗೆ ಚುಚ್ಚಿ ಎಸೆಯೋದು ರೂಢಿ. ಹತ್ತು ಸಲ ಎಸೆದರೆ ಕಪ್ಪೆ ಸತ್ತೋ ಹರಿದೋ ಹೋಗುತ್ತಿತ್ತು. ಅದಕ್ಕೆ ಪರಿಹಾರವಾಗಿ ಕುದುರೆಗೆ ಜೀನು ಕಟ್ಟೋ ಹಾಗೆ ಕಪ್ಪೆಗೆ ತಂತಿಯ ಜೀನು ಕಟ್ಟಿ, ಗಾಳಗಳನ್ನು ಜೀನಿಗೆ ಸಿಕ್ಕಿಸುವ ಉಪಕರಣಗಳೂ ಬಂದವು. ಕಪ್ಪೆಗೆ ಚುಚ್ಚೋದಿಲ್ಲ, ಕಟ್ಟೋದಷ್ಟೇ. ಕಪ್ಪೆಗೆ ಅದರಿಂದ ಎಷ್ಟು ಸಮಾಧಾನವಾಯಿತೋ ಅದನ್ನೇ ಕೇಳಬೇಕು.

ಇದೇ ಹೊತ್ತಿಗೆ ಮಿಷಿಗನ್ ರಾಜ್ಯದ ಡೊವಾಜಿಯಾಕ್ ಅನ್ನೋ ಪುಟ್ಟ ಊರಲ್ಲಿ ಜೇಮ್ಸ್ ಹೆಡ್ಡನ್ ಅಂತ ಒಬ್ಬನಿದ್ದ. ಜೇನು ಸಾಕಣೆಯಲ್ಲಿ ಹೆಸರು ಮಾಡಿದವನು, ಪತ್ರಿಕೆಯನ್ನೂ ನಡೆಸಿದವನು. ಅವನ ಬಗ್ಗೆ ಒಂದು ಐತಿಹ್ಯ ಇದೆ. ಊರ ಪಕ್ಕದ ಗಿರಣಿ ಕೆರೆಯ ದಡದಲ್ಲಿ ಗೆಳೆಯರಿಗಾಗಿ ಕಾಯುತ್ತಾ ಸುಮ್ಮನೆ ಒಂದು ಕಟ್ಟಿಗೆ ತುಂಡನ್ನು ಚಾಕುವಿನಿಂದ ಕೆತ್ತುತ್ತಿದ್ದನಂತೆ. ಬೇಜಾರಾಗಿ ಅದನ್ನು ನೀರಿಗೆ ಎಸೆದ. ಬುಳಕ್ ಅಂತ ಒಂದು ಬಾಸ್ ಮೇಲೆದ್ದು ಆ ತುಂಡನ್ನೇ ಹೊಡೆಯಿತು! ಐತಿಹ್ಯವನ್ನು ಎಷ್ಟು ನಂಬೋದು ಅನ್ನೋದು ನಿಮಗೆ ಬಿಟ್ಟಿದ್ದು. ಆದರೆ 1890ರ ದಶಕದ ಕೊನೆಗೆ ಅವನು ಮರದಲ್ಲಿ ಕೆತ್ತಿದ ಕಪ್ಪೆಗಳು ನಿಜ. ಅವುಗಳಲ್ಲಿ ಬೆರಳೆಣಿಕೆಯಷ್ಟು ಇವತ್ತೂ ಉಳಿದಿವೆ, ಸಂಗ್ರಾಹಕರು ಅವಕ್ಕೆ ಜೀವ ಬಿಡುತ್ತಾರೆ. ಮುಂದೆ ಹೆಡ್ಡನ್ ಕಂಪನಿ ಅಮೆರಿಕದ ದೊಡ್ಡ ಲೂರ್ ಕಂಪನಿಗಳಲ್ಲಿ ಒಂದಾಯಿತು.

ಹೆಡ್ಡನ್ನನ ಕಪ್ಪೆ ಒಂದು ದೊಡ್ಡ ವಿಷಯ ಹೇಳಿಕೊಟ್ಟಿತು. ಮೀನಿಗೆ ಕಪ್ಪೆ ಬೇಕಿಲ್ಲ, ಕಪ್ಪೆ ಇದೆ ಅನ್ನೋ ಸುಳಿವು ಸಾಕು. ಆದರೆ ನಮ್ಮ ಒಗಟು ಹಾಗೇ ಉಳಿಯಿತು. ಮರ ಗಟ್ಟಿ. ಗಟ್ಟಿ ಮೈಯೊಳಗೆ ಮೊನೆ ಬಚ್ಚಿಡೋಕೆ ಆಗೋದಿಲ್ಲ. ಗಾಳ ಹೊರಗೇ ನೇತಾಡಬೇಕು. ಅಂದರೆ ತೆರೆದ ನೀರಿಗೆ ಸರಿ, ಜೊಂಡಿನೊಳಗೆ ಇಲ್ಲ. ಕಪ್ಪೆ ಇರೋ ಜಾಗಕ್ಕೇ ಹೋಗಲಾರದ ಕಪ್ಪೆ!

ಮುಂದಿನ ಉತ್ತರ ಬಂದದ್ದು ಹಂದಿಯಿಂದ. ವಿಸ್ಕಾನ್ಸಿನ್ ರಾಜ್ಯದ ಫೋರ್ಟ್ ಅಟ್ಕಿನ್ಸನ್ ಊರಿನ ಅಲನ್ ಜೋನ್ಸ್ ಮತ್ತು ಅರ್ಬನ್ ಶ್ರೈನರ್ ಅನ್ನೋರಿಗೆ 1920ರ ದಶಕದ ಆರಂಭದಲ್ಲಿ ಒಂದು ದಿನ ಕಪ್ಪೆ ಸಿಗಲಿಲ್ಲವಂತೆ. ಜೋನ್ಸ್ ಮನೆತನದ್ದು ಹಂದಿ ಮಾಂಸದ ವ್ಯಾಪಾರ. ಹಂದಿಯ ಚರ್ಮವನ್ನು ಕೊಬ್ಬಿನ ಸಮೇತ ಕಪ್ಪೆಯ ಆಕಾರಕ್ಕೆ ಕತ್ತರಿಸಿ ಗಾಳಕ್ಕೆ ಸಿಕ್ಕಿಸಿದರು. ಕೆಲಸ ಮಾಡಿತು. ಅಂಕಲ್ ಜಾಶ್ ಅನ್ನೋ ಹೆಸರಲ್ಲಿ ಉಪ್ಪುನೀರಿನ ಬಾಟಲಿಯೊಳಗೆ ಹಂದಿಯ ಕಪ್ಪೆಗಳು ಅಂಗಡಿಗೆ ಬಂದವು, ಹತ್ತಿರಹತ್ತಿರ ತೊಂಬತ್ತು ವರ್ಷ ಮಾರಾಟವಾದವು. ಚರ್ಮ ಗಟ್ಟಿ, ಸುಲಭಕ್ಕೆ ಹರಿಯೋದಿಲ್ಲ. ಕಾಲುಗಳು ನೀರಲ್ಲಿ ಚೆನ್ನಾಗಿ ನುಲಿಯುತ್ತವೆ. 2015ರ ಸುಮಾರಿಗೆ ಆ ಕಂಪನಿ ಹಂದಿ ಚರ್ಮದ ಎರೆ ಮಾಡೋದನ್ನು ನಿಲ್ಲಿಸಿತು. ಅದಕ್ಕೆ ಕೊಟ್ಟ ಕಾರಣ ಸ್ವಾರಸ್ಯವಾಗಿದೆ. ಈಗಿನ ಹಂದಿಗಳನ್ನು ಬೇಗ ಬೆಳೆಸಿ ಎಳೆ ವಯಸ್ಸಲ್ಲೇ ಕಡಿಯುತ್ತಾರೆ, ಹಳೇ ಕಾಲದ ದಪ್ಪ ಚರ್ಮ ಸಿಗೋದಿಲ್ಲ ಅಂತ. ಸಾಕಣೆಯ ರೀತಿ ಬದಲಾದರೆ ಗಾಳದ ತುದಿಯ ಕಪ್ಪೆಯೂ ಬದಲಾಗುತ್ತದೆ, ನೋಡಿ.

ಹಂದಿ ಕಪ್ಪೆಯ ಜೊತೆಗಾರ ಒಂದಿತ್ತು. 1920ರ ದಶಕದಲ್ಲೇ ಬಂದ ಜಾನ್ಸನ್ ಸಿಲ್ವರ್ ಮಿನ್ನೋ ಅನ್ನೋ ಚಮಚದಂಥ ಲೋಹದ ಲೂರ್. ಅದರ ಗಾಳದ ಮುಂದೆ ಒಂದು ತೆಳು ತಂತಿ ಕಾವಲು ನಿಂತಿರುತ್ತಿತ್ತು. ಜೊಂಡು ತಾಗಿದರೆ ತಂತಿ ಅದನ್ನು ಪಕ್ಕಕ್ಕೆ ಸರಿಸುತ್ತದೆ, ಮೀನು ಕಚ್ಚಿದರೆ ತಂತಿಯೇ ಬಗ್ಗುತ್ತದೆ. ನಮ್ಮ ಒಗಟಿಗೆ ಇದೊಂದು ಅರ್ಧ ಉತ್ತರ. ಮೊನೆಯನ್ನು ಬಚ್ಚಿಡಲಿಲ್ಲ, ಬಾಗಿಲಿಗೆ ಕಾವಲುಗಾರನನ್ನು ಇಟ್ಟರು ಅಷ್ಟೇ.

ಪೂರ್ತಿ ಉತ್ತರಕ್ಕೆ ಹೊಸ ಪದಾರ್ಥವೇ ಬೇಕಿತ್ತು. ಅದು ಬಂದದ್ದು ಓಹಾಯೋ ರಾಜ್ಯದ ಆಕ್ರನ್‌ನಿಂದ. ಆಕ್ರನ್ ಅಂದರೆ ಟೈರುಗಳ ಊರು, ಗುಡ್‌ಇಯರ್ ಇರೋ ಊರು. ಅಲ್ಲಿ ನಿಕ್ ಕ್ರೀಮ್ ಅಂತ ಒಬ್ಬ ಯಂತ್ರದ ಕೆಲಸಗಾರ. 1949ರಲ್ಲಿ ನಿಕ್ ಮತ್ತು ಹೆಂಡತಿ ಕಾಸ್ಮಾ ತಮ್ಮ ಅಡುಗೆಮನೆಯ ಒಲೆಯ ಮೇಲೆ ವಿನೈಲ್, ಎಣ್ಣೆ, ಬಣ್ಣ ಕಲಸಿ ಕಾಯಿಸಿ, ಎರೆಹುಳುವಿನ ಅಚ್ಚಿಗೆ ಹುಯ್ದು ಒಂದು ಮೆತ್ತನೆಯ ಹುಳು ಮಾಡಿದರು. ಇದೇ ಮೆತ್ತನೆ ಪ್ಲಾಸ್ಟಿಕ್ ಲೂರ್‌ಗಳ ಮೂಲಪುರುಷ. ಇದರ ರಹಸ್ಯ ದೊಡ್ಡದೇನಲ್ಲ. ಪಿವಿಸಿ ಪುಡಿಯನ್ನು ಪ್ಲಾಸ್ಟಿಕ್ ಮೆದುಗೊಳಿಸುವ ಎಣ್ಣೆಯಂಥ ದ್ರವದಲ್ಲಿ ಕಲಸಿದರೆ ದೋಸೆ ಹಿಟ್ಟಿನಂತಿರುತ್ತದೆ. ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಪುಡಿ ಆ ದ್ರವವನ್ನು ಹೀರಿಕೊಂಡು ಒಂದಾಗುತ್ತದೆ, ಆರಿದರೆ ಜೆಲ್ಲಿ. ದ್ರವ ಹೆಚ್ಚಾದಷ್ಟೂ ಮೆತ್ತಗೆ. ಮನೆಯ ಒಲೆಯ ಮೇಲೆ ಮಾಡಬಹುದಾದ ಕೆಲಸ (ಹೊಗೆ ಮಾತ್ರ ಒಳ್ಳೆಯದಲ್ಲ).

ಹುಳು ಬಂತು. ಆದರೆ ಆರಂಭದ ಹುಳುಗಳಿಗೂ ಗಾಳಗಳು ಹೊರಗೇ ಇದ್ದವು. ಒಗಟು ಬಿಡಿಸಿದ್ದು ಟೆಕ್ಸಸ್.

1960ರ ಹೊತ್ತಿಗೆ ಕ್ರೀಮ್ ಕಂಪನಿ ಪೂರ್ವ ಟೆಕ್ಸಸ್‌ನ ಟೈಲರ್ ಪಟ್ಟಣಕ್ಕೆ ಬಂತು. ಅದೇ ದಶಕದಲ್ಲಿ ಆ ಸೀಮೆಯಲ್ಲಿ ಒಂದರ ಹಿಂದೆ ಒಂದು ಅಣೆಕಟ್ಟು ಎದ್ದವು. ಸ್ಯಾಮ್ ರೇಬರ್ನ್, ಟೊಲೆಡೊ ಬೆಂಡ್ ಅನ್ನೋ ಭಾರೀ ಜಲಾಶಯಗಳು ತುಂಬಿದ್ದು ಆಗಲೇ. ಎಷ್ಟೋ ಕಡೆ ಕಾಡನ್ನು ಕಡಿಯದೆ ಹಾಗೇ ಮುಳುಗಿಸಿದರು. ನೀರಿನೊಳಗೆ ನಿಂತ ಮರಗಳ ಕಾಡು! ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಬೇಸಿಗೆಗೆ ತಲೆಯೆತ್ತೋ ಬೊಡ್ಡೆಗಳನ್ನು ನೋಡಿದವರಿಗೆ ಇದು ಕಣ್ಣಿಗೆ ಕಟ್ಟುತ್ತದೆ. ಬಾಸ್ ಮೀನಿಗೆ ಅದು ಸ್ವರ್ಗ, ಗಾಳಕ್ಕೆ ನರಕ. ಎಸೆದ ಗಾಳವೆಲ್ಲ ಕೊಂಬೆಗೆ ಸಿಕ್ಕಿಕೊಳ್ಳುತ್ತಿತ್ತು. ಆಗ ಅಲ್ಲಿನ ಗಾಳಗಾರರ ಕೈಯಲ್ಲಿ ಹುಟ್ಟಿದ ಉಪಾಯಕ್ಕೆ ಇವತ್ತಿಗೂ ಟೆಕ್ಸಸ್ ರಿಗ್ ಅಂತಲೇ ಹೆಸರು. ಅದು ಯಾರೋ ಒಬ್ಬರ ಸೊತ್ತಲ್ಲ, ಒಂದು ಸೀಮೆಯ ಸೊತ್ತು. ಉಪಾಯ ಇಷ್ಟೇ. ಮೊನೆಯನ್ನು ಹುಳುವಿನ ಮೈಯೊಳಗೇ ತಿರುಗಿಸಿ ಹುದುಗಿಸು. ಮೈ ಮೆತ್ತಗಿರೋದರಿಂದ ಮೀನು ಕಚ್ಚಿದಾಗ ಪ್ಲಾಸ್ಟಿಕ್ ತಗ್ಗಿ ಮೊನೆ ತಾನಾಗಿ ಹೊರಬರುತ್ತದೆ. ಕೊಂಬೆ ಮೈ ಸವರಿಕೊಂಡು ಹೋಗುತ್ತದೆ, ಹಿಂಡೋದಿಲ್ಲ. ಮೀನು ಹಿಂಡುತ್ತದೆ. ಸವರೋದಕ್ಕೂ ಹಿಂಡೋದಕ್ಕೂ ಇರೋ ವ್ಯತ್ಯಾಸದಲ್ಲೇ ಉತ್ತರ ಅಡಗಿತ್ತು! ಜೊಂಡಿಗೆ ಮುಚ್ಚಿ ಮೀನಿಗೆ ತೆರೆಯೋ ಬಾಗಿಲು ಸಿಕ್ಕಿತು.

ಇದೇ ತತ್ವವನ್ನು ಕಪ್ಪೆಗೆ ಬೇರೆ ದಾರಿಯಿಂದ ತಂದವನು ಸಿನ್ಸಿನಾಟಿಯ ಹ್ಯಾರಿ ಎಹ್ಲರ್ಸ್. 1957ರಲ್ಲಿ ಅವನು ಶುರು ಮಾಡಿದ ಕಂಪನಿಯ ಹೆಸರು ಸ್ನ್ಯಾಗ್ ಪ್ರೂಫ್, ಅಂದರೆ ಎಲ್ಲೂ ಸಿಕ್ಕಿಕೊಳ್ಳದ್ದು. ಅವನ ಕಪ್ಪೆ ಟೊಳ್ಳು. ಒಳಗೆ ಗಾಳಿ ಇರೋದರಿಂದ ಪಾಚಿಯ ಮೇಲೆ ತೇಲುತ್ತದೆ. ಗಾಳದ ಮೊನೆ ಮೇಲ್ಮುಖವಾಗಿ ಬೆನ್ನಿಗೆ ಅಂಟಿಕೊಂಡಂತೆ ಇರುತ್ತದೆ. ಮೀನು ಕಚ್ಚಿದರೆ ಗಾಳಿ ಹೋದ ಬಲೂನಿನಂತೆ ಮೈ ಚಪ್ಪಟೆಯಾಗುತ್ತದೆ, ಮೊನೆ ಹೊರಗೆ. ಟೊಳ್ಳು ಕಪ್ಪೆಯ ವಂಶ ಇವತ್ತೂ ಬೆಳೆಯುತ್ತಿದೆ. 2000ದ ದಶಕದಲ್ಲಿ ಡೀನ್ ರೋಜಾಸ್ ಅನ್ನೋ ಸ್ಪರ್ಧಾಳು ಇಂಥ ಒಂದು ಕಪ್ಪೆಯಿಂದ ದೊಡ್ಡ ಹೆಸರು ಮಾಡಿದ. ತನ್ನ ಕಪ್ಪೆಗೆ ಅವನಿಟ್ಟ ಹೆಸರು ಕರ್ಮಿಟ್, ಟಿವಿಯ ಗೊಂಬೆ ಕಪ್ಪೆಯ ಹೆಸರು.

ಅದೇ 2000ದ ದಶಕದ ಮೊದಲ ಭಾಗದಲ್ಲಿ ಎರಡನೇ ವಂಶವೂ ಜನಪ್ರಿಯವಾಯಿತು. ಟೊಳ್ಳಲ್ಲ, ಇಡೀ ಮೈ ಮೆತ್ತನೆ ಪ್ಲಾಸ್ಟಿಕ್ಕಿನ ಕಪ್ಪೆ. ಝೂಮ್ ಕಂಪನಿಯ ಹಾರ್ನಿ ಟೋಡ್, ಸ್ಟಾನ್ಲಿ ಕಂಪನಿಯ ರಿಬಿಟ್ ಇವು ಆ ಕಾಲದ ಹೆಸರುಗಳು. (ಟೆಕ್ಸಸ್‌ನಲ್ಲಿ ಹಾರ್ನಿ ಟೋಡ್ ಅಂತ ಕರೆಯೋದು ಕಪ್ಪೆಯನ್ನಲ್ಲ, ಮುಳ್ಳುಮೈಯ ಒಂದು ಹಲ್ಲಿಯನ್ನು!) ಟೊಳ್ಳು ಕಪ್ಪೆಯನ್ನು ಒಂದೇ ಜಾಗದಲ್ಲಿ ನಿಲ್ಲಿಸಿ ಕುಣಿಸುತ್ತಾರೆ, ಇದನ್ನು ನಿಲ್ಲಿಸದೆ ಎಳೆಯುತ್ತಾರೆ. ಹಾಗೆ ಎಳೆದಾಗಲೇ ಪಾದಗಳು ನೀರನ್ನು ಒದ್ದು ಸದ್ದು ಮಾಡೋದು. ಇದನ್ನು ಪೋಣಿಸೋದು ಅದೇ ಟೆಕ್ಸಸ್ ಪದ್ಧತಿಯಲ್ಲಿ. ಅದನ್ನೊಂದಿಷ್ಟು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮೇಲಿನ ಚರಿತ್ರೆಯೆಲ್ಲ ಈ ನಾಲ್ಕು ಹೆಜ್ಜೆಯೊಳಗೆ ಅಡಕವಾಗಿದೆ.

ಮೊದಲು ಗಾಳ. ಇದಕ್ಕೆ ಬಾಗು ಅಗಲವಾಗಿರೋ ಗಾಳ ಬೇಕು, 4/0 ಅಥವಾ 5/0 ಅಳತೆಯದ್ದು. ದಾರ ಕಟ್ಟೋ ಕಣ್ಣಿನ ಪಕ್ಕದಲ್ಲೇ ಮೆಟ್ಟಿಲಿನಂಥ ಒಂದು ಮಡಿಕೆ ಇರುತ್ತದೆ. ಅಗಲ ಯಾಕೆ ಅಂದರೆ, ಕಪ್ಪೆಯ ಮೈ ದಪ್ಪ. ಅದು ಹಿಂಡಿ ಕೆಳಗಿಳಿಯೋದಕ್ಕೆ ಬಾಗಿನೊಳಗೆ ಜಾಗ ಬೇಕು. ಕಿರಿದಾದ ಗಾಳ ಹಾಕಿದರೆ ಪ್ಲಾಸ್ಟಿಕ್ಕೇ ಜಾಗ ತುಂಬಿಕೊಂಡು ಮೊನೆ ಮೀನಿಗೆ ತಾಗೋದೇ ಇಲ್ಲ.

ಎರಡನೆಯದು ಮೂಗು. ಮೊನೆಯನ್ನು ಕಪ್ಪೆಯ ಮೂಗಿನ ನಟ್ಟನಡುವೆ ನೇರವಾಗಿ ಕಾಲು ಇಂಚಿನಷ್ಟು ಚುಚ್ಚಿ, ಗದ್ದದ ಕೆಳಗೆ ಹೊರತೆಗೆಯಬೇಕು. ಆಮೇಲೆ ಇಡೀ ಗಾಳವನ್ನು ಅದೇ ತೂತಿನಿಂದ ಎಳೆಯುತ್ತಾ ಬಂದು, ಕಣ್ಣು ಮೂಗಿನೊಳಗೆ ಕೂತು ಮಡಿಕೆ ಗದ್ದಕ್ಕೆ ಕಚ್ಚಿಕೊಳ್ಳೋವರೆಗೆ ತರಬೇಕು. ಆ ಮಡಿಕೆಯೇ ಕಪ್ಪೆ ಜಾರದ ಹಾಗೆ ಹಿಡಿಯೋದು. ಕೆಲವು ಗಾಳಗಳಲ್ಲಿ ಮಡಿಕೆಯ ಬದಲು ಒಂದು ಪುಟ್ಟ ಸ್ಪ್ರಿಂಗ್ ಇರುತ್ತದೆ, ಅದನ್ನು ಸ್ಕ್ರೂ ತಿರುಗಿಸಿದ ಹಾಗೆ ಮೂಗಿಗೆ ತಿರುಗಿಸೋದು. ಮೂಗು ಹರಿಯೋದು ಅದರಲ್ಲಿ ಕಡಿಮೆ.

ಮೂರನೆಯದು ಅಳತೆ. ಗಾಳವನ್ನು ಅರ್ಧ ಸುತ್ತು ತಿರುಗಿಸಿದರೆ ಮೊನೆ ಕಪ್ಪೆಯ ಹೊಟ್ಟೆಯ ಕಡೆ ನೋಡುತ್ತದೆ. ಚುಚ್ಚೋ ಮೊದಲು ಗಾಳವನ್ನು ಮೈ ಪಕ್ಕಕ್ಕೆ ಹಿಡಿದು, ಬಾಗು ಎಲ್ಲಿಗೆ ಬರುತ್ತದೆ ಅಂತ ಉಗುರಿನಿಂದ ಗುರುತು ಮಾಡಿಕೊಳ್ಳಬೇಕು. ದರ್ಜಿ ಬಟ್ಟೆಗೆ ಸೀಮೆಸುಣ್ಣ ಹಚ್ಚೋ ಹಾಗೆ. ಗುರುತು ಮುಂದಾದರೆ ಮೈ ಸೆಟೆದು ಹರಿಯುತ್ತದೆ, ಹಿಂದಾದರೆ ಗೂನಾಗುತ್ತದೆ. ಗೂನು ಕಪ್ಪೆ ನೀರಲ್ಲಿ ಬುಗುರಿಯ ಹಾಗೆ ಸುತ್ತಿ ದಾರವನ್ನೆಲ್ಲ ಹುರಿಗೊಳಿಸುತ್ತದೆ. ನಿಜವಾದ ಕಪ್ಪೆ ಸುತ್ತೋದಿಲ್ಲ ಅನ್ನೋದು ಮೀನಿಗೂ ಗೊತ್ತು.

ನಾಲ್ಕನೆಯದು ಮೊನೆ. ಹೊಟ್ಟೆಯಿಂದ ನೇರ ಮೇಲಕ್ಕೆ ಚುಚ್ಚಿ ಬೆನ್ನಿನಿಂದ ಹೊರತೆಗೆಯಬೇಕು. ಎಷ್ಟೋ ಕಪ್ಪೆಗಳಿಗೆ ಹೊಟ್ಟೆಯಲ್ಲಿ ಒಂದು ಸೀಳು, ಬೆನ್ನಲ್ಲಿ ಒಂದು ತೋಡು ಮೊದಲೇ ಇರುತ್ತವೆ, ಮೊನೆ ಆ ತೋಡಿನಲ್ಲಿ ಮಲಗುತ್ತದೆ. ಇಷ್ಟು ಸಾಲದಿದ್ದರೆ ಮೊನೆಯ ತುದಿಯನ್ನಷ್ಟೇ ಬೆನ್ನಿನ ಚರ್ಮಕ್ಕೆ, ಕೂದಲೆಳೆಯಷ್ಟು ಮಾತ್ರ, ಸಿಕ್ಕಿಸಿ ಬಿಡೋದು. ಈಗ ಬೆರಳಿನಿಂದ ಸವರಿ ನೋಡಿ, ಏನೂ ತಾಗೋದಿಲ್ಲ. ಎರಡು ಬೆರಳಿನಿಂದ ಹಿಂಡಿ ನೋಡಿ... ಬೇಡ, ಹಿಂಡಬೇಡಿ!

ಪೋಣಿಸಿದ್ದು ಸರಿಯಾದರೂ ಇನ್ನೊಂದು ಪರೀಕ್ಷೆ ಇದೆ, ಅದು ಕೈಯದ್ದಲ್ಲ, ಮನಸ್ಸಿನದ್ದು. ಕಪ್ಪೆಯ ಮೇಲೆ ಮೀನು ಬಿದ್ದಾಗ ನೀರು ಸಿಡಿದು ಬಾಂಬ್ ಬಿದ್ದ ಹಾಗಾಗುತ್ತದೆ. ಹೊಸಬರು ಆ ಸದ್ದಿಗೇ ಬೆಚ್ಚಿ ದಾರ ಎಳೆದುಬಿಡುತ್ತಾರೆ. ಕಪ್ಪೆ ಮೀನಿನ ಬಾಯಿಂದ ಹಾರಿ ಎಳೆದವರ ಮುಖಕ್ಕೇ ಬರುತ್ತದೆ. ಅನುಭವಸ್ಥರು ಹೇಳೋದು, ಒಂದೆರಡು ಸೆಕೆಂಡು ತಡೆ, ದಾರ ಭಾರವಾದದ್ದು ಕೈಗೆ ಗೊತ್ತಾಗಲಿ, ಆಮೇಲೆ ಎಳೆ. ಮೊನೆ ಬಚ್ಚಿಟ್ಟವನು ಅದು ಹೊರಬರೋಕೆ ಕಾಯಲೂ ಬೇಕಲ್ಲ. ಜೊಂಡಿನಿಂದ ಮೀನನ್ನು ಎತ್ತಬೇಕಾಗಿರೋದರಿಂದ ಹೆಣೆದ ದಾರ, 50 ಪೌಂಡ್ ಅಂದರೆ ಸುಮಾರು 22 ಕಿಲೋ ತಡೆಯೋದು, ಸಾಮಾನ್ಯ.

ಈಗ ನಮ್ಮ ಕಡೆಗೆ ಬರೋಣ. 2002ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕ್ರಾಫ್ಟನ್ ಊರಿನ ಒಂದು ಕೊಳದಲ್ಲಿ ಏಷ್ಯಾದ ಹಾವುತಲೆ ಮೀನು ಸಿಕ್ಕಿ ದೊಡ್ಡ ಗಲಾಟೆಯಾಯಿತು. ಪತ್ರಿಕೆಗಳು ಅದನ್ನು ರಾಕ್ಷಸ ಅಂದವು, ಸರ್ಕಾರ ಕೊಳಕ್ಕೆ ವಿಷ ಹಾಕಿಸಿತು. 2004ರಲ್ಲಿ ಪೊಟೊಮ್ಯಾಕ್ ನದಿಯಲ್ಲೂ ಕಾಣಿಸಿತು, ಅಲ್ಲೇ ನೆಲೆಯೂರಿತು. ಈಗ ಅಲ್ಲಿನವರು ಅದನ್ನು ಹಿಡಿಯೋದು ಇದೇ ಕಪ್ಪೆಗಳಿಂದ. ಆ ರಾಕ್ಷಸ ಬೇರೆ ಯಾರೂ ಅಲ್ಲ, ನಮ್ಮ ಕೊರವ ಮೀನಿನ ದಾಯಾದಿ! ಮಲಯಾಳಿಗಳ ವರಾಲ್, ತಮಿಳರ ವಿರಾಲ್, ತೆಲುಗರ ಕೊರಮೀನು. ನಮ್ಮ ಕೆರೆ, ಗದ್ದೆ, ಹಳ್ಳಗಳ ಹಳೇ ನಿವಾಸಿ, ಗಾಳಿಯನ್ನೂ ಉಸಿರಾಡೋ ಮೀನು. 1873ರಲ್ಲಿ ಮಂಗಳೂರಿನಲ್ಲಿ ಮೊದಲು ಅಚ್ಚಾದ 'ದಿ ರಾಡ್ ಇನ್ ಇಂಡಿಯಾ' ಪುಸ್ತಕದಲ್ಲಿ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಈ ಮೀನಿನ ಬಗ್ಗೆಯೂ ಬರೆದಿದ್ದಾನೆ. ಗಾಳಕ್ಕೆ ಜೀವಂತ ಕಪ್ಪೆ ಸಿಕ್ಕಿಸಿ ಕೊರವ ಹಿಡಿಯೋದು ನಮ್ಮಲ್ಲಿ ಹಳೇ ಪದ್ಧತಿ. ಕೇರಳದಲ್ಲಂತೂ ಈಗ ಪ್ಲಾಸ್ಟಿಕ್ ಕಪ್ಪೆಯಿಂದ ವರಾಲ್ ಹಿಡಿಯೋದು ಒಂದು ದೊಡ್ಡ ಹುಚ್ಚು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೊರವ ಮೀನಿನ ತಂದೆತಾಯಿ ತಮ್ಮ ಮರಿಗಳ ಗುಂಪನ್ನು ಕಾಯುತ್ತವೆ. ನೀರಿನ ಮೇಲೆ ಕೆಂಪಗೆ ಗುಳುಗುಳು ಅನ್ನೋ ಮರಿಗಳ ಗುಂಪು ಕಂಡರೆ ಕೆಳಗೆ ದೊಡ್ಡವು ಇವೆ ಅಂತಲೇ ಲೆಕ್ಕ. ಆ ಹೊತ್ತಿನಲ್ಲಿ ಹತ್ತಿರ ಏನು ಬಂದರೂ ಅವು ಮೇಲೆ ಬೀಳುತ್ತವೆ, ಹಸಿವಿಗಲ್ಲ, ಮರಿಗಳ ರಕ್ಷಣೆಗೆ. ಆ ಗುಂಪಿನ ಮೇಲೆ ಕಪ್ಪೆ ಎಳೆದರೆ ಮೀನು ಖಂಡಿತ. ಆಮೇಲೆ ಕಾಯೋರಿಲ್ಲದ ಮರಿಗಳು ಬೇರೆ ಮೀನುಗಳ ಪಾಲು. ಒಂದು ಗಾಳಕ್ಕೆ ಒಂದು ಮೀನಲ್ಲ, ಒಂದು ಪೀಳಿಗೆ.

ಇರಲಿ, ಕಪ್ಪೆಯ ಲೆಕ್ಕ ಏನಾಯಿತು? ಈ ಚರಿತ್ರೆಯಲ್ಲಿ ಯಾರೂ ಕೇಳದ ಜೀವ ಅದು. ನಮ್ಮ ದೇಶದಿಂದ ಒಂದು ಕಾಲಕ್ಕೆ ಕಪ್ಪೆಯ ಕಾಲುಗಳು ಟನ್ನುಗಟ್ಟಲೆ ವಿದೇಶಕ್ಕೆ ಹೋಗುತ್ತಿದ್ದವು. ಗದ್ದೆಯ ಹುಳು ತಿನ್ನೋರಿಲ್ಲ, ಔಷಧಿ ಹೊಡೆಯೋದು ಹೆಚ್ಚಾಯಿತು ಅನ್ನೋ ಕೂಗೆದ್ದು 1987ರಲ್ಲಿ ಆ ರಫ್ತು ನಿಷೇಧವಾಯಿತು. 1998ರಲ್ಲಿ ವಿಜ್ಞಾನಿಗಳು ಕಪ್ಪೆಗಳ ಚರ್ಮಕ್ಕೆ ತಗಲೋ ಕೈಟ್ರಿಡ್ ಅನ್ನೋ ಶಿಲೀಂಧ್ರವನ್ನು ಗುರುತಿಸಿದರು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಅಮೆರಿಕದ ನೈಋತ್ಯ ರಾಜ್ಯಗಳಲ್ಲಿ ಗಾಳಕ್ಕೆಂದು ಮಾರುತ್ತಿದ್ದ ಸಾಲಮಾಂಡರ್ ಮರಿಗಳು ಈ ಶಿಲೀಂಧ್ರವನ್ನೂ ವೈರಸ್ಸನ್ನೂ ಹೊತ್ತಿದ್ದವು ಅಂತ ತೋರಿಸಿತು. ಜೀವಂತ ಎರೆ ಊರಿಂದೂರಿಗೆ ಹೋದರೆ ರೋಗವೂ ಜೊತೆಗೆ ಹೋಗುತ್ತದೆ. 2004ರ ಜಾಗತಿಕ ಲೆಕ್ಕದಲ್ಲಿ ಉಭಯಚರಗಳಲ್ಲಿ ಮೂರನೇ ಒಂದು ಭಾಗದಷ್ಟು ಅಪಾಯದಲ್ಲಿದ್ದವು, 2023ರ ಲೆಕ್ಕದಲ್ಲಿ ಶೇಕಡಾ 41ರಷ್ಟು. ಹಾಗಾಗಿ ಗಾಳದ ತುದಿಯಿಂದ ನಿಜವಾದ ಕಪ್ಪೆ ಇಳಿದು ಪ್ಲಾಸ್ಟಿಕ್ ಕಪ್ಪೆ ಏರಿದ್ದು ಒಳ್ಳೆಯದೇ ಆಯಿತು. ಶೃಂಗೇರಿಯ ತುಂಗೆಯ ದಡದಲ್ಲಿ ಹಾವು ಹೆಡೆಯೆತ್ತಿ ಕಪ್ಪೆಗೆ ನೆರಳು ಕೊಟ್ಟ ಕಥೆಯ ಕಪ್ಪೆ ಶಂಕರ ಇದೆ, ನೋಡಿರುತ್ತೀರಿ. ಮನುಷ್ಯ ಕಪ್ಪೆಗೆ ಕೊಟ್ಟ ನೆರಳು ಪಿವಿಸಿಯದ್ದು ಅನ್ನೋಣವೇ?

ಆದರೆ ಆ ನೆರಳಿಗೂ ಒಂದು ಮುಳ್ಳಿದೆ. ಪ್ಲಾಸ್ಟಿಕ್ ಕಪ್ಪೆ ಬೇಗ ಹರಿಯುತ್ತದೆ. ನಾಲ್ಕೈದು ಮೀನು ಕಚ್ಚಿದರೆ ಮೂಗು ಹೋಯಿತು. ಹರಿದದ್ದು ನೀರಿಗೆ ಬೀಳುತ್ತದೆ, ಇಲ್ಲವೇ ದಡದಲ್ಲಿ ಎಸೆಯುತ್ತಾರೆ. ಅದು ಕೊಳೆಯೋದಿಲ್ಲ. ಅದನ್ನು ಮೆತ್ತಗೆ ಮಾಡೋ ಥ್ಯಾಲೇಟ್‌ನಂಥ ದ್ರವ್ಯಗಳು ನೀರಿಗೆ ಒಳ್ಳೆಯವಲ್ಲ. ಅಮೆರಿಕದ ಮೇನ್ ರಾಜ್ಯದವರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬ್ರೂಕ್ ಟ್ರೌಟ್ ಮೀನುಗಳು ತೊಟ್ಟಿಯಲ್ಲಿ ಬಿದ್ದ ಮೆತ್ತನೆ ಪ್ಲಾಸ್ಟಿಕ್ಕನ್ನು ತಾವಾಗಿಯೇ ನುಂಗಿದವು, ನುಂಗಿದವು ಸೊರಗಿದವು. 2013ರಲ್ಲಿ ಅದೇ ರಾಜ್ಯದ ಶಾಸನಸಭೆಗೆ ಇಂಥ ಎರೆಗಳನ್ನೇ ನಿಷೇಧಿಸೋ ಮಸೂದೆ ಬಂತು. ಗಾಳಗಾರರ ವಿರೋಧ ಜೋರಾಗಿ ಕೊನೆಗೆ ಅದು ಅಧ್ಯಯನ ಮಾಡಿ ಅನ್ನೋ ಆದೇಶವಾಗಿ ಮುಗಿಯಿತು.

ಒಟ್ಟು ಕಥೆ ನೋಡಿದರೆ ನನಗನ್ನಿಸೋದು ಇಷ್ಟು. ಪ್ರತಿ ಸಲವೂ ಮೊನೆಯನ್ನು ಇನ್ನಷ್ಟು ಚೆನ್ನಾಗಿ ಬಚ್ಚಿಟ್ಟೆವು, ಆದರೆ ಮೊನೆ ಎಲ್ಲೂ ಹೋಗಲಿಲ್ಲ. ಕಪ್ಪೆಯ ತೊಡೆಯಿಂದ ಹಂದಿಯ ಚರ್ಮಕ್ಕೆ, ಅಲ್ಲಿಂದ ಕೆರೆಯ ತಳಕ್ಕೆ ಜಾಗ ಬದಲಿಸಿತು. ಹಾಗಂತ ಮೂರೂ ಒಂದೇ ಅಂತಲೂ ನಾನು ಹೇಳೋದಿಲ್ಲ. ಕಪ್ಪೆಯ ಕಾಲಿಗೆ ಸೂಜಿದಾರ ಹಾಕೋದನ್ನು ಬಿಟ್ಟದ್ದು ದೊಡ್ಡ ಲಾಭ. ಉಳಿದ ಪಾಲು ಕಷ್ಟದ್ದೇನಲ್ಲ. ಹರಿದ ಕಪ್ಪೆಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ತರೋದು, ಮೂಗು ಸೀಳಿದರೆ ಅಂಟು ಹಾಕಿ ಮತ್ತೆ ಬಳಸೋದು, ಮರಿಗಳ ಗುಂಪು ಕಂಡರೆ ದಾರ ಸುತ್ತಿಕೊಂಡು ಬೇರೆ ಕಡೆ ಹೋಗೋದು. ವಾಲ್ಟನ್ ಕೇಳಿದ ಮಮತೆಯನ್ನು ಈಗ ಕೆರೆಗೆ ತೋರಿಸಿದರಾಯಿತು, ಅದೂ ಸೂಜಿದಾರ ಇಲ್ಲದೆ.

ನಿಮ್ಮೂರಲ್ಲಿ ಕೊರವ ಮೀನಿಗೆ ಏನಂತಾರೆ? ನಿಮ್ಮ ಅಜ್ಜನೋ ಮಾವನೋ ಗಾಳ ಜೊಂಡಿಗೆ ಸಿಕ್ಕದ ಹಾಗೆ ಏನು ಉಪಾಯ ಮಾಡುತ್ತಿದ್ದರು? ಗೊತ್ತಿದ್ದರೆ ಬರೆದು ತಿಳಿಸಿ. ಟೆಕ್ಸಸ್‌ನವರ ಉಪಾಯಕ್ಕೆ ಒಂದು ಹೆಸರಾದರೂ ಇದೆ, ನಮ್ಮವರದ್ದು ಹೆಸರಿಲ್ಲದೇ ಕಳೆದುಹೋಗೋದು ಬೇಡ.